ಮಗನ ಎದೆ ಉಬ್ಬಿದೆ, ಮುಂಜಿಗೆ ಅಂಗಿ ತೆಗೆಯಲು ಒಲ್ಲೆ ಅನ್ನುತ್ತಾನೆ: ಆಪರೇಷನ್ ಮಾಡಿಸಬೇಕೇ?

ಅಕ್ಕಾ, ನಿಮ್ಮ ಪ್ರಶ್ನೆ ಓದುವಾಗ ನನ್ನ ಆಯಿಯೇ ಕೇಳಿದ ಹಾಗಾಯಿತು. ಕುಮಟಾ ಹತ್ತಿರದ ಊರು, ಮಗನಿಗೆ 14 ವರ್ಷ, ಎಂಟು ತಿಂಗಳಿಂದ ಎರಡೂ ಕಡೆ ಎದೆ ಉಬ್ಬಿದೆ, ಮುಟ್ಟಿದರೆ ನೋವು. ಬರುವ ತಿಂಗಳು ಮುಂಜಿ, ಮಾಣಿ ಅಂಗಿ ತೆಗೆಯಲು ಒಪ್ಪುತ್ತಿಲ್ಲ. ಒಬ್ಬ ಸರ್ಜನ್ ‘ಆಪರೇಷನ್ ಮಾಡಿಬಿಡೋಣ’ ಅಂದಿದ್ದಾರೆ. ಏನು ಮಾಡಲಿ ಎಂದು ಕೇಳಿದ್ದೀರಿ.

ನಾನು ಡಾಕ್ಟರಲ್ಲ. ಶಿರಸಿ ಕಡೆಯ ಹಳ್ಳಿಯವನು. ಇದೇ ತೊಂದರೆಯನ್ನು ಹತ್ತು ವರ್ಷ ಅಂಗಿಯೊಳಗೆ ಮುಚ್ಚಿಟ್ಟುಕೊಂಡು, ಕೊನೆಗೆ 25ನೇ ವಯಸ್ಸಿನಲ್ಲಿ ಆಪರೇಷನ್ ಮಾಡಿಸಿಕೊಂಡವನು. ಹಾಗಾಗಿಯೇ ಹೇಳುತ್ತಿದ್ದೇನೆ, ಈಗಲೇ ಮಾಡಿಸಬೇಡಿ. ಆದರೆ ಡಾಕ್ಟರಿಗೆ ಸರಿಯಾಗಿ ತೋರಿಸದೆಯೂ ಬಿಡಬೇಡಿ.

ಇದಕ್ಕೆ ಗೈನೆಕೊಮಾಸ್ಟಿಯಾ ಅನ್ನುತ್ತಾರೆ. ಗಂಡಿನ ಮೈಯಲ್ಲೂ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜೆನ್ ಸ್ವಲ್ಪ ಇದ್ದೇ ಇರುತ್ತದೆ. ಮೀಸೆ ಚಿಗುರುವ ವಯಸ್ಸಿನಲ್ಲಿ ಅದಕ್ಕೂ ಗಂಡಿನ ಹಾರ್ಮೋನಾದ ಟೆಸ್ಟೋಸ್ಟಿರೋನಿಗೂ ಇರುವ ಪ್ರಮಾಣ ಕೆಲಕಾಲ ಏರುಪೇರಾಗಿ, ಮೊಲೆತೊಟ್ಟಿನ ಕೆಳಗಿನ ಗ್ರಂಥಿ ಬೆಳೆಯುತ್ತದೆ. ಹೆಚ್ಚುಕಮ್ಮಿ ಅರ್ಧದಷ್ಟು ಹುಡುಗರಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಇದು ಆಗುತ್ತದೆ, 13-14ರಲ್ಲಿ ಹೆಚ್ಚು. ಬಹುಪಾಲು ಮಕ್ಕಳಿಗೆ 6 ತಿಂಗಳಿಂದ 2 ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ. ಮೈ ಬೆಳೆಯುತ್ತಿರುವಾಗಲೇ ಕತ್ತರಿ ಹಾಕಿದರೆ ಮತ್ತೆ ಬೆಳೆಯುವುದೂ ಉಂಟು. ನಿಮ್ಮ ಮಗನಿಗೆ ಇನ್ನೂ ಎಂಟೇ ತಿಂಗಳು.

ನನಗೆ ಇಳಿಯಲಿಲ್ಲ. 15 ವರ್ಷವಿದ್ದಾಗ ಸಿದ್ದಾಪುರದ ಕಡೆ ನೆಂಟರ ಮನೆಯ ಮದುವೆಯಲ್ಲಿ ಬಡಿಸಲು ನಿಂತಿದ್ದೆ. ನಮ್ಮಲ್ಲಿ ಗೊತ್ತಲ್ಲ, ಪಂಚೆ, ಹೆಗಲ ಮೇಲೊಂದು ಶಲ್ಯ, ಅಷ್ಟೇ. ಕೈಯಲ್ಲಿ ಅಪ್ಪೆಹುಳಿಯ ಬಕೆಟ್ಟು. ಬಗ್ಗಿದಾಗ ಶಲ್ಯ ಜಾರಿತು. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಸೌಟು, ಎಳೆದುಕೊಳ್ಳಲು ಮೂರನೇ ಕೈ ಇಲ್ಲ. ಊಟಕ್ಕೆ ಕೂತಿದ್ದ ಹಿರಿಯರೊಬ್ಬರು ‘ಇವನಿಗೊಂದು ರವಿಕೆ ಹೊಲಿಸಿ’ ಅಂದರು. ಇಡೀ ಪಂಕ್ತಿ ನಕ್ಕಿತು. ಬಕೆಟ್ಟನ್ನು ಅಲ್ಲೇ ಇಟ್ಟು ಕೊಟ್ಟಿಗೆಯ ಹಿಂದೆ ಹೋಗಿ ನಿಂತೆ. ಆಮೇಲೆ ಯಾವ ಮನೆಯಲ್ಲೂ ಬಡಿಸಲಿಲ್ಲ. ತೋಟದ ಕೆರೆಯಲ್ಲಿ ಈಜಲಿಲ್ಲ. ಗೋಕರ್ಣಕ್ಕೆ ಹೋದರೆ ಅಂಗಿ ತೆಗೆದು ಒಳಗೆ ಹೋಗಬೇಕಲ್ಲ ಎಂದು ಸಮುದ್ರದ ಕಡೆ ತಪ್ಪಿಸಿಕೊಂಡೆ. ಬೇಸಿಗೆಯಲ್ಲೂ ಎರಡು ಬನಿಯನ್ ಹಾಕಿ, ಬೆನ್ನು ಗೂನು ಮಾಡಿ ನಡೆಯುತ್ತಿದ್ದೆ. ನಿಮ್ಮ ಮಾಣಿಯದು ಹಟ ಅಲ್ಲ ಅಕ್ಕಾ. ದಯವಿಟ್ಟು ಬೈಯಬೇಡಿ.

ಯಾರಿಗೂ ಹೇಳದೆ ದಿನಕ್ಕೆ ಅರವತ್ತು ದಂಡ ಹೊಡೆದೆ. ಕೊಬ್ಬಾಗಿದ್ದರೆ ಸ್ವಲ್ಪವಾದರೂ ಕರಗುತ್ತಿತ್ತು. ನನ್ನದು ಗ್ರಂಥಿ. ಅದರ ಅಡಿಯ ಸ್ನಾಯು ದಪ್ಪವಾಗಿ, ಮೇಲಿದ್ದದ್ದು ಇನ್ನೂ ಎದ್ದು ಕಂಡಿತು. ಎಣ್ಣೆ ತಿಕ್ಕಿದೆ, ನೋವು ಹೆಚ್ಚಾಯಿತೇ ಹೊರತು ಗಾತ್ರ ಇಳಿಯಲಿಲ್ಲ. ಈ ವ್ಯತ್ಯಾಸ ಮನೆಯಲ್ಲೇ ಅಂದಾಜು ಮಾಡಬಹುದು, ಮಾಣಿಯೇ ಮಾಡಿಕೊಳ್ಳಲಿ. ಅಂಗಾತ ಮಲಗಿ ಹೆಬ್ಬೆರಳು ಮತ್ತು ತೋರುಬೆರಳನ್ನು ಎದೆಯ ಎರಡು ಬದಿಯಿಂದ ತೊಟ್ಟಿನ ಕಡೆಗೆ ಮೆಲ್ಲಗೆ ತರಬೇಕು. ಬೆರಳಿಗೆ ಏನೂ ತಡೆಯದೆ ಮೆತ್ತಗೇ ಹೋದರೆ ಬರೀ ಕೊಬ್ಬು. ತೊಟ್ಟಿನ ಸರಿಯಾಗಿ ಕೆಳಗೆ ರಬ್ಬರಿನಂಥ ಬಿಲ್ಲೆ ಸಿಕ್ಕಿದರೆ ಗ್ರಂಥಿ. ನನ್ನದು ಹಲಸಿನ ಬೇಳೆಯಷ್ಟಿದ್ದದ್ದು ವರ್ಷದೊಳಗೆ ನಿಂಬೆಹಣ್ಣಿನಷ್ಟಾಗಿತ್ತು. ಮೈ ದಪ್ಪಗಿರುವ ಹುಡುಗರಲ್ಲಿ ಎರಡೂ ಒಟ್ಟಿಗೆ ಇರಬಹುದು. ಕೊಬ್ಬೇ ಟೆಸ್ಟೋಸ್ಟಿರೋನನ್ನು ಈಸ್ಟ್ರೋಜೆನ್ ಮಾಡುತ್ತದೆ, ಅಂಥವರಿಗೆ ತೂಕ ಇಳಿಸಿದರೆ ಪ್ರಯೋಜನವಿದೆ.

ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋದರೂ ಆದೀತು. ಹಾರ್ಮೋನ್ ತಜ್ಞರೇ ಬೇಕು ಅಂದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗಬೇಕಾದೀತು, ನಮ್ಮ ಜಿಲ್ಲೆಯವರ ಹಣೆಬರಹ ನಿಮಗೂ ಗೊತ್ತಿದೆ. ಒಳಗೆ ಅಪ್ಪನೋ ಸೋದರಮಾವನೋ ಹೋಗಲಿ, ಏಕೆಂದರೆ ಡಾಕ್ಟರು ವೃಷಣವನ್ನೂ ಪರೀಕ್ಷಿಸಬೇಕು. ನೀವಿದ್ದರೆ ಮಾಣಿ ನಾಚಿಕೊಳ್ಳುತ್ತಾನೆ. ಆ ಪರೀಕ್ಷೆ ಮಾಡದೆ ಆಪರೇಷನ್ ಮಾತಾಡುವ ಡಾಕ್ಟರ ಮೇಲೆ ನನಗೆ ನಂಬಿಕೆಯಿಲ್ಲ. ವೃಷಣದ ಗಡ್ಡೆ, ವೃಷಣ ಸರಿಯಾಗಿ ಬೆಳೆಯದ ಕ್ಲೈನ್‌ಫೆಲ್ಟರ್ ಸಿಂಡ್ರೋಮ್, ಥೈರಾಯ್ಡ್ ಹೆಚ್ಚಾಗುವುದು, ಲಿವರ್ ಅಥವಾ ಕಿಡ್ನಿ ತೊಂದರೆ, ಇವೆಲ್ಲ ಎದೆಯಲ್ಲಿ ಹೀಗೆ ತೋರಿಸಿಕೊಳ್ಳಬಹುದು. ಅಪರೂಪ, ಆದರೆ ಇದ್ದರೆ ತಪ್ಪಿಸಬಾರದು. ಅನುಮಾನ ಬಂದರೆ ರಕ್ತ ಪರೀಕ್ಷೆ, ಅಲ್ಟ್ರಾಸೌಂಡ್ ಹೇಳುತ್ತಾರೆ. ಒಂದೇ ಕಡೆ ಗಟ್ಟಿ ಗಂಟು, ಅದೂ ತೊಟ್ಟಿನಿಂದ ಆಚೆ ಇದ್ದರೆ, ತೊಟ್ಟಿನಿಂದ ರಕ್ತ ಬಂದರೆ, ಚರ್ಮ ಒಳಗೆ ಎಳೆದುಕೊಂಡರೆ, ಕಂಕುಳಲ್ಲಿ ಗೆಡ್ಡೆ ಸಿಕ್ಕರೆ ಒಂದು ವಾರವೂ ಕಾಯಬೇಡಿ. ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ. ಒಟ್ಟು ಸ್ತನ ಕ್ಯಾನ್ಸರಿನಲ್ಲಿ ಅದು ನೂರಕ್ಕೆ ಒಂದರ ಆಸುಪಾಸು, ಹೆಚ್ಚಾಗಿ ವಯಸ್ಸಾದವರಲ್ಲಿ.

ಮಾಣಿ ಯಾವುದಾದರೂ ಮಾತ್ರೆ, ಜಿಮ್ಮಿನ ಪುಡಿ, ಇಂಜೆಕ್ಷನ್ ತೆಗೆದುಕೊಂಡಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಔಷಧದಿಂದಲೂ ಇದು ಬರುತ್ತದೆ. ನನ್ನ ಅಪ್ಪಯ್ಯನಿಗೆ ಹಾರ್ಟ್ ವೀಕ್ ಎಂದು ಸ್ಪೈರೋನೊಲ್ಯಾಕ್ಟೋನ್ ಕೊಟ್ಟಿದ್ದರು. 64ರಲ್ಲಿ ಎದೆ ಉಬ್ಬಿ, ಟವೆಲ್ ತಾಗಿದರೂ ನೋವು. ಅವರು ನನಗಿಂತ ಹೆಚ್ಚು ಮುಚ್ಚಿಟ್ಟರು. ಹೃದಯದ ಡಾಕ್ಟರು ಅದನ್ನು ಎಪ್ಲೆರಿನೋನಿಗೆ ಬದಲಾಯಿಸಿದ ಮೇಲೆ ಕೆಲವು ತಿಂಗಳಲ್ಲಿ ಇಳಿಯಿತು. ಪ್ರಾಸ್ಟೇಟಿಗೆ ಕೊಡುವ ಫಿನಾಸ್ಟರೈಡಿನಿಂದಲೂ ಆಗಬಹುದು. ಯಾವುದನ್ನೂ ನೀವೇ ನಿಲ್ಲಿಸಬೇಡಿ, ಕೇಳಿ ಬದಲಾಯಿಸಿ. ಇನ್ನೊಂದು ಮಾತು, ಹಸುಗೂಸಿನ ಎದೆ ಉಬ್ಬುವುದೂ ತಾಯಿಯ ಹಾರ್ಮೋನಿನಿಂದಲೇ. ಎಣ್ಣೆ ಹಚ್ಚಿ ಮೀಯಿಸುವಾಗ ಅದನ್ನು ಹಿಂಡುವವರಿದ್ದಾರೆ, ಕೀವಾಗಬಹುದು, ಹಿಂಡಬಾರದು.

ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಆರಾರು ತಿಂಗಳಿಗೊಮ್ಮೆ ತೋರಿಸುತ್ತ ಕಾಯುವುದೇ ಚಿಕಿತ್ಸೆ. ನೋವು ಜಾಸ್ತಿಯಿದ್ದರೆ, ಬೇಗ ಬೆಳೆಯುತ್ತಿದ್ದರೆ ತಜ್ಞರು ಟಮಾಕ್ಸಿಫೆನ್ ಎಂಬ ಮಾತ್ರೆಯನ್ನು ಕೆಲವು ತಿಂಗಳು ಕೊಡುವುದುಂಟು. ಅದು ಪ್ರಯೋಜನಕ್ಕೆ ಬರುವುದು ಹೆಚ್ಚಾಗಿ ಮೊದಲ ವರ್ಷದೊಳಗೆ. ಆಮೇಲೆ ಗ್ರಂಥಿ ನಾರುಗಟ್ಟುತ್ತದೆ, ಔಷಧಕ್ಕೆ ಕರಗುವುದಿಲ್ಲ. ನಾನು ಬಾಯಿ ಬಿಟ್ಟದ್ದು ತೊಂದರೆ ಶುರುವಾಗಿ ಹತ್ತು ವರ್ಷವಾದ ಮೇಲೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಕೊಡುವ ಮಾತ್ರೆ ಅಲ್ಲ ಇದು, ನೆನಪಿರಲಿ.

17-18 ದಾಟಿದ ಮೇಲೂ ಉಳಿದರೆ ಆಗ ಆಪರೇಷನ್ ಯೋಚಿಸಬಹುದು. ನನಗೆ ಪೂರ್ತಿ ಅರಿವಳಿಕೆ ಕೊಟ್ಟು, ಕೊಬ್ಬನ್ನು ನಳಿಕೆಯಿಂದ ಹೀರಿ, ತೊಟ್ಟಿನ ಸುತ್ತಲಿನ ಕಪ್ಪು ಅಂಚಿನಲ್ಲೇ ಕೊಯ್ದು ಗ್ರಂಥಿ ತೆಗೆದರು. ತೊಟ್ಟು ಗುಳಿ ಬೀಳದಿರಲಿ ಎಂದು ಅದರಡಿ ಸ್ವಲ್ಪ ಬಿಟ್ಟಿರುತ್ತಾರೆ. ಆರು ವಾರ ಬಿಗಿಯಾದ ಬನಿಯನ್ ಹಾಕಬೇಕು, ಸೆಕೆಗಾಲದಲ್ಲಂತೂ ಬೇಡ, ನಾನು ಡಿಸೆಂಬರಿನಲ್ಲಿ ಮಾಡಿಸಿದೆ. ನಾಲ್ಕು ತಿಂಗಳು ತೊಟ್ಟಿನಲ್ಲಿ ಸ್ಪರ್ಶವೇ ಇರಲಿಲ್ಲ. ಒಳಗೆ ರಕ್ತ ಕಟ್ಟಿಕೊಳ್ಳುವ ಅಪಾಯವೂ ಇದೆ. ವಿಮೆಯವರು ಇದನ್ನು ಅಂದಕ್ಕೆ ಮಾಡಿಸಿದ್ದು ಎಂದು ತಳ್ಳಿಹಾಕುವುದುಂಟು, ಮೊದಲೇ ಬರೆದು ಕೇಳಿ. ಮಾಡಿಸಿಕೊಂಡದ್ದಕ್ಕೆ ನನಗೆ ಬೇಸರವಿಲ್ಲ. ಹತ್ತು ವರ್ಷ ಒಬ್ಬರಿಗೂ ಹೇಳದೆ ಇದ್ದದ್ದಕ್ಕೆ ಇದೆ.

ಈಗ ಮುಂಜಿ. ಮುಂದೆ ಹಾಕುವುದಾದರೆ ಹಾಕಿ. ಇಲ್ಲವಾದರೆ ಭಟ್ಟರಿಗೆ ಈಗಲೇ ಹೇಳಿಡಿ, ಅವರು ಇಂಥದ್ದು ನೋಡದವರೇನಲ್ಲ. ಕ್ಷೌರವಾದ ಮೇಲಿನ ಸ್ನಾನ ಬಚ್ಚಲಮನೆಯೊಳಗೇ ಆಗಲಿ, ಸೋದರಮಾವ ಒಬ್ಬರಿದ್ದರೆ ಸಾಕು. ಜಾರುವ ರೇಷ್ಮೆ ಶಲ್ಯ ಬೇಡ, ಅಗಲವಾದ ಹತ್ತಿಯದು ತನ್ನಿ. ಮಾತೃಭೋಜನಕ್ಕೆ ನಿಮ್ಮ ಪಕ್ಕ ಕೂತಾಗ ಅದು ಸರಿದರೆ ನೀವೇ ಸರಿಮಾಡಿ, ಏನೂ ಮಾತಾಡಬೇಡಿ. ಮಧ್ಯಾಹ್ನ ಪಂಕ್ತಿಯಲ್ಲಿ ಬಡಿಸಲು ಯಾರಾದರೂ ಕರೆದರೆ ಬೇರೆ ಕೆಲಸ ಹೇಳಿ ಕಳಿಸಿ. ಫೋಟೋದವನಿಗೂ ಹೇಳಿ, ಮಾಣಿ ಶಲ್ಯ ಹೊದ್ದುಕೊಂಡ ಮೇಲೇ ಕ್ಯಾಮೆರಾ ಎತ್ತು ಅಂತ.