ದಿನಾ ದುಡಿದರೂ ಬಡತನ ಯಾಕೆ ಹೋಗುವುದಿಲ್ಲ? ಹಳ್ಳಿಗೂ ಪಟ್ಟಣಕ್ಕೂ ಇದರಲ್ಲಿ ವ್ಯತ್ಯಾಸ ಇದೆಯಾ?

ಕೆಲಸ ಇಲ್ಲದವರು ಮಾತ್ರ ಬಡವರು ಅಂದುಕೊಳ್ಳುವುದು ತಪ್ಪು. ದುಡಿಯುತ್ತಿದ್ದೂ ದಿನಕ್ಕೆ ತಲಾ 2.15 ಡಾಲರ್‌ಗಿಂತ (ಆಯಾ ದೇಶದ ಬೆಲೆಗೆ ಹೊಂದಿಸಿದ ಲೆಕ್ಕ) ಕಡಿಮೆಯಲ್ಲಿ ಬದುಕುವವರು 2024ರಲ್ಲಿ ಪ್ರಪಂಚದಲ್ಲಿ ಸುಮಾರು 24 ಕೋಟಿ ಇದ್ದರು ಎಂದು ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಲೆಕ್ಕ ಹಾಕಿತ್ತು.

ಕೂಲಿ ಕಡಿಮೆ ಅನ್ನುವುದು ಒಂದು ಕಾರಣ. ಅದಕ್ಕಿಂತ ಜಾಸ್ತಿ ಕಾಡುವುದು ನಾಳೆ ಕೆಲಸ ಇರುತ್ತದೋ ಇಲ್ಲವೋ ಅನ್ನುವುದು. ಪ್ರಪಂಚದಲ್ಲಿ ದುಡಿಯುವ 10 ಜನರಲ್ಲಿ ಸುಮಾರು 6 ಮಂದಿಗೆ ಕರಾರು ಪತ್ರವಿಲ್ಲ, ಪಿಂಚಣಿ ಇಲ್ಲ, ಸಂಬಳದ ರಜೆ ಇಲ್ಲ. ಗಾರೆ ಕೆಲಸದ ಹೆಂಗಸಿಗೆ ಜ್ವರ ಬಂತು ಅಂದುಕೊಳ್ಳಿ. ಮೂರು ದಿನ ಮಲಗಿದರೆ ಮೂರು ದಿನದ ಕೂಲಿ ಹೋಯಿತು, ಮೇಲೆ ಔಷಧಿ ಖರ್ಚು, ಅದಕ್ಕೆ ಕೈಸಾಲ, ಮುಂದಿನ ತಿಂಗಳ ದುಡಿಮೆಯಲ್ಲಿ ಒಂದು ಪಾಲು ಬಡ್ಡಿಗೇ. ಹಾಗಾಗಿ ಆಕೆ ಜ್ವರದಲ್ಲೇ ಇಟ್ಟಿಗೆ ಹೊರುತ್ತಾಳೆ. ಇಂಥವರನ್ನು ಸೋಮಾರಿಗಳು ಅಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಳ್ಳಿಗೂ ಪಟ್ಟಣಕ್ಕೂ ವ್ಯತ್ಯಾಸ ಇದೆ. ಹಳ್ಳಿಯಲ್ಲಿ ಬಿತ್ತನೆ, ಕೊಯ್ಲಿನ ಹೊತ್ತಿಗೆ ಕೈತುಂಬಾ ಕೆಲಸ, ಆಮೇಲೆ ತಿಂಗಳುಗಟ್ಟಲೆ ಸುಮ್ನೆ ಕೂರಬೇಕು. ಆಸ್ಪತ್ರೆಯೂ ದೂರ. ಪಟ್ಟಣದಲ್ಲಿ ಕೂಲಿ ಜಾಸ್ತಿ, ನಿಜ, ಆದರೆ ಬಾಡಿಗೆ, ಬಸ್ಸು, ನೀರು ಎಲ್ಲದಕ್ಕೂ ದುಡ್ಡು ಕೊಡಬೇಕು, ಕಷ್ಟಕ್ಕೆ ಆಗುವ ನೆಂಟರೂ ಹತ್ತಿರ ಇರುವುದಿಲ್ಲ.

ಇನ್ನೊಂದು ವಿಷಯ: ಬಡತನವನ್ನು ಅಳೆಯುವುದು ಮನೆಯ ಲೆಕ್ಕದಲ್ಲಿ. ಒಬ್ಬರ ದುಡಿಮೆಯಲ್ಲಿ ಐದು ಜನ ಉಣ್ಣಬೇಕಾದರೆ, ಒಬ್ಬರಿಗೆ ಸಾಕಾಗುವ ಕೂಲಿಯೂ ಆ ಮನೆಗೆ ಸಾಲುವುದಿಲ್ಲ ಅಲ್ವಾ?