‘ನಾನು ಸಹಿ ಮಾತ್ರ ಹಾಕಿದ್ದು ಸರ್’

ಪ್ರಶ್ನೆ: ಯಜಮಾನರು ಪುರಸಭೆ ಸದಸ್ಯರು. ಲೋಕಾಯುಕ್ತದವರು ಅಕ್ರಮ ಆಸ್ತಿ ಕೇಸು ಹಾಕಿದ್ದಾರೆ. ಎರಡು ಸೈಟು ನನ್ನ ಹೆಸರಲ್ಲಿವೆಯೆಂದು ನನ್ನನ್ನೂ, ಮೈದುನನನ್ನೂ ಆರೋಪಿ ಮಾಡಿದ್ದಾರೆ. ನಾನು ಗೃಹಿಣಿ. ಹೇಳಿದ ಕಡೆ ಸಹಿ ಹಾಕಿದೆ ಅಷ್ಟೇ. ನನ್ನ ಮೇಲೂ ಕೇಸು ಹಾಕಬಹುದೇ?

ಉತ್ತರ: ಹಾಕಬಹುದು. ಇದೊಂದಕ್ಕೆ ಉತ್ತರ ಬರೆದು ಬರೆದು ಸಾಕಾಗಿದೆ. ಭ್ರಷ್ಟಾಚಾರ ತಡೆ ಕಾಯ್ದೆ ಅಧಿಕಾರದಲ್ಲಿರುವವರಿಗೆ ಮಾತ್ರ ಎಂಬ ವಾದವನ್ನು ಸುಪ್ರೀಂ ಕೋರ್ಟ್ 1999ರಲ್ಲೇ, ನಲ್ಲಮ್ಮಾಳ್ ಪ್ರಕರಣದಲ್ಲಿ ತಳ್ಳಿಹಾಕಿದೆ. ಅಕ್ರಮ ಗಳಿಕೆಯನ್ನು ತನ್ನ ಹೆಸರಲ್ಲಿಟ್ಟುಕೊಂಡು ನೆರವಾದವರು ಹೆಂಡತಿಯಾಗಲಿ, ತಮ್ಮನಾಗಲಿ, ಕುಮ್ಮಕ್ಕಿನ ಆರೋಪ ಎದುರಿಸಬೇಕು. 2018ರ ತಿದ್ದುಪಡಿಯ ನಂತರದ ಕೃತ್ಯವಾದರೆ ಅದಕ್ಕೆ 3ರಿಂದ 7 ವರ್ಷ ಜೈಲು.

ಆದರೆ ತಾಯಿ, ಆರೋಪಿಯಾದ ಮಾತ್ರಕ್ಕೆ ಅಪರಾಧಿಯಲ್ಲ. ಹಣ ಎಲ್ಲಿಯದೆಂದು ಗೊತ್ತಿದ್ದೇ ನೆರವಾದಿರಿ ಎಂದು ಪ್ರಾಸಿಕ್ಯೂಷನ್ ಸಾಬೀತುಪಡಿಸಬೇಕು. ಅದಕ್ಕೇ ಹೇಳುತ್ತೇನೆ, ಯಜಮಾನರ ವಕೀಲರನ್ನೇ ನೀವೂ ಇಟ್ಟುಕೊಳ್ಳಬೇಡಿ. ಅವರಿಗೆ ಅನುಕೂಲವಾದ ವಾದ ‘ಸೈಟು ಹೆಂಡತಿಯ ದುಡಿಮೆಯದು’. ನಿಮ್ಮ ಮಾತು ‘ನನಗೇನೂ ಗೊತ್ತಿರಲಿಲ್ಲ’. ಎರಡನ್ನೂ ಒಂದೇ ಬಾಯಿ ಹೇಳಲಾಗದು. ಗಂಡನನ್ನು ಉಳಿಸಲು ‘ಹೊಲಿಗೆಯಲ್ಲೇ ಲಕ್ಷಗಟ್ಟಲೆ ಗಳಿಸಿದೆ’ ಎಂದ ಹೆಣ್ಣುಮಕ್ಕಳನ್ನು, ಸರ್ಕಾರಿ ಅಭಿಯೋಜಕನಾಗಿದ್ದಾಗ, ಪಾಟೀಸವಾಲಿನಲ್ಲಿ ನಾನೇ ಕೆಡವಿದ್ದೇನೆ. ಆ ಮುಖಗಳು ಇನ್ನೂ ಕಣ್ಣ ಮುಂದಿವೆ.

ದಾಳಿಯ ಮರುದಿನವೇ ಬರುವ ದಲ್ಲಾಳಿಗಳನ್ನು ಹೊಸ್ತಿಲು ದಾಟಲು ಬಿಡಬೇಡಿ. ಹಣ ಅಡಿಕೆ ಬೆಳೆಯಿಂದ ಬಂದದ್ದೆಂದು ತೋರಿಸಲು ಹಳೇ ತಾರೀಖಿನ ಅಡಿಕೆ ಮಂಡಿ ಚೀಟಿ ಮಾಡಿಸಿಕೊಡುತ್ತಾರೆ. ಪಹಣಿ ತೆಗೆದರೆ ಅದೇ ಜಮೀನಿನಲ್ಲಿ ರಾಗಿ ಇರುತ್ತದೆ. ಆಗ ಸುಳ್ಳು ದಾಖಲೆಯ ಕೇಸೂ ಮೈಮೇಲೆ ಬೀಳುತ್ತದೆ. ಆದಾಯ ತೆರಿಗೆ ರಿಟರ್ನ್ಸ್ ತುಂಬಿದರೆ ಹಣ ಸಕ್ರಮವಾಯಿತು ಎನ್ನುವವರನ್ನೂ ನಂಬಬೇಡಿ. ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆ ನಡೆದ ಜಯಲಲಿತಾ ಪ್ರಕರಣದಲ್ಲಿ, ರಿಟರ್ನ್ಸ್ ಒಂದರಿಂದಲೇ ಆದಾಯ ಸಕ್ರಮವೆಂದು ಸಾಬೀತಾಗದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ತವರಿನ ಬಂಗಾರವಿದ್ದರೆ ಮದುವೆ ಫೋಟೊ, ಅಂದಿನ ಅಂಗಡಿ ರಸೀದಿ, ಪಾಸ್‌ಬುಕ್, ಇರುವುದನ್ನು ಇರುವ ಹಾಗೇ ನಿಮ್ಮ ವಕೀಲರ ಕೈಗೆ ಕೊಡಿ.

ಪ್ರಶ್ನೆ: ಗೌರವಧನ ಪಡೆಯುವ ಸದಸ್ಯ ಸರ್ಕಾರಿ ನೌಕರನೇ ಅಲ್ಲವಲ್ಲ?

ಉತ್ತರ: ಈ ಕಾಯ್ದೆಯ ಮಟ್ಟಿಗೆ ಸಾರ್ವಜನಿಕ ಸೇವಕ. ರಾಜಸ್ಥಾನದ ಕೌನ್ಸಿಲರ್ ಒಬ್ಬರ ಪ್ರಕರಣದಲ್ಲಿ 2013ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿ ಮುಗಿಸಿದೆ. ಮತ್ತೆ ಕೇಳಬೇಡಿ.

ಪ್ರಶ್ನೆ: ದೂರುದಾರ ತಿರುಗಿಬಿದ್ದರೆ ಲಂಚದ ಕೇಸು ಬಿದ್ದುಹೋಗುತ್ತದಂತೆ?

ಉತ್ತರ: ಇಲ್ಲ. ಸಾಂದರ್ಭಿಕ ಸಾಕ್ಷ್ಯದಿಂದಲೂ ಸಾಬೀತುಪಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿದೆ.

ಪ್ರಶ್ನೆ: ಒಳಗೆ ಪರಿಚಯದವರಿದ್ದಾರೆ, ಕೊಟ್ಟರೆ ಕೇಸು ಮುಗಿಸಿಕೊಡುತ್ತಾರೆ ಎನ್ನುತ್ತಿದ್ದಾನೆ ಒಬ್ಬ.

ಉತ್ತರ: ಅದು ಎರಡನೇ ಅಪರಾಧ. ಅವನ ಹೆಸರನ್ನು ಲೋಕಾಯುಕ್ತ ಎಸ್‌ಪಿಗೆ ಬರೆದು ಕೊಡಿ, ಇವತ್ತೇ.