ಖಾತೆ ಊರಿನಲ್ಲಿ, ದುಡಿಮೆ ಗೋವಾದಲ್ಲಿ: ದೂರು ಎಲ್ಲಿ ಕೊಡಬೇಕು?

ಗೋವಾದಲ್ಲಿ ದುಡಿಯುವ ಕನ್ನಡಿಗರು ಖಾತೆಯ ಹಣ ಕಳೆದುಕೊಂಡರೆ, ಇಲ್ಲವೇ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾಗಿ ಬಂದರೆ, ಅವರಿಗೆ ಕಾನೂನಿನ ಆಸರೆ ಎಷ್ಟರಮಟ್ಟಿಗೆ ಸಿಗುತ್ತದೆ ಎಂದು ನೀವು ಕೇಳಿದ್ದೀರಿ. ನಾನು ಕಾರವಾರದವನು, ಕೆಲಸ ಮಡಗಾಂವಿನಲ್ಲಿ. ಪೋಳೆಂ ಗಡಿ ದಾಟಿ ಬರುವ ನಮ್ಮ ಕಡೆಯವರನ್ನೂ, ವಾಸ್ಕೋದ ಬೈನಾ ಮತ್ತು ಝುವಾರಿನಗರಗಳಲ್ಲಿ ನೆಲೆಸಿರುವ ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳವರನ್ನೂ ಹತ್ತಿರದಿಂದ ಕಂಡವನಾಗಿ ಹೇಳುವುದಾದರೆ, ಕಾನೂನಿನಲ್ಲಿ ಆಸರೆ ಇದೆ. ನಮ್ಮವರು ಅದನ್ನು ಕೇಳಲು ತಡವಾಗಿ ಹೋಗುತ್ತಾರೆ.

ಖಾತೆ ಎಲ್ಲಿದೆಯೋ ದೂರನ್ನೂ ಅಲ್ಲಿಯೇ ಕೊಡಬೇಕೆಂಬ ತಪ್ಪು ತಿಳಿವಳಿಕೆಯೇ ಈ ತಡಕ್ಕೆ ಮುಖ್ಯ ಕಾರಣ. ಇಲ್ಲಿನ ಗೌಂಡಿಗಳು, ಮನೆಗೆಲಸದ ಹೆಂಗಸರು, ತರಕಾರಿ ಗಾಡಿಯವರು ಅನೇಕರು ಊರಿನ ಬ್ಯಾಂಕಿನಲ್ಲಿಯೇ ಖಾತೆ ಇಟ್ಟುಕೊಂಡಿರುತ್ತಾರೆ. ಹಣ ಕಡಿತವಾದ ಸಂದೇಶ ಇಂಗ್ಲಿಷಿನಲ್ಲಿ ಬರುತ್ತದೆ. ಪಕ್ಕದ ಖೋಲಿಯ ಕಾಲೇಜು ಹುಡುಗ ಸಂಜೆ ಬಂದು ಓದಿ ಹೇಳಬೇಕು. ಅಷ್ಟಾದ ಮೇಲೂ "ಜಾತ್ರೆಗೆ ಊರಿಗೆ ಹೋದಾಗ ಮ್ಯಾನೇಜರ್ ಸಾಹೇಬರನ್ನು ಕೇಳಿದರಾಯಿತು" ಎಂಬ ಮಾತು ಬರುತ್ತದೆ. ಆ ಮಾತನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಇಲ್ಲಿ ಹಕ್ಕು ನಿಂತಿರುವುದೇ ದಿನಗಳ ಲೆಕ್ಕದ ಮೇಲೆ.

ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಬ್ಯಾಂಕಿನದಾಗಲಿ ಗ್ರಾಹಕನದಾಗಲಿ ತಪ್ಪಿಲ್ಲದೆ ಮೂರನೆಯವರ ಕೈವಾಡದಿಂದ ಹಣ ಹೋಗಿದ್ದರೆ, ಸಂದೇಶ ಬಂದ ಮೇಲೆ 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದವನು ಒಂದು ರೂಪಾಯಿಯನ್ನೂ ಕಳೆದುಕೊಳ್ಳಬೇಕಾಗಿಲ್ಲ. 4ರಿಂದ 7 ಕೆಲಸದ ದಿನಗಳಾದರೆ ಸಾಮಾನ್ಯ ಉಳಿತಾಯ ಖಾತೆಯವನ ಮೇಲೆ 10,000 ರೂಪಾಯಿಯವರೆಗೆ ಹೊರೆ ಬೀಳಬಹುದು. ಒಟಿಪಿಯನ್ನು ತಾನೇ ಹೇಳಿಕೊಟ್ಟವನಿಗೆ ಈ ರಕ್ಷಣೆ ಇಲ್ಲವಾದರೂ, ಅವನು ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕು. ತಪ್ಪು ಗ್ರಾಹಕನದೆಂದು ಸಾಬೀತು ಮಾಡುವ ಹೊಣೆಯೂ ಬ್ಯಾಂಕಿನದೇ. ತಿಳಿಸುವುದಕ್ಕೆ ಊರಿನ ಶಾಖೆಗೆ ಹೋಗಬೇಕಾಗಿಲ್ಲ; ಬ್ಯಾಂಕಿನ ಸಹಾಯವಾಣಿಗೂ ಸೈಬರ್ ವಂಚನೆಯ 1930ಕ್ಕೂ ಕರೆ ಮಾಡಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಸಾಕು. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಬ್ಯಾಂಕುಗಳ ಮೇಲಿನ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿಯಾದ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ.

ಇನ್ನು ಠಾಣೆಯ ವಿಷಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ, ದೂರು, ತನಿಖೆ, ಬಂಧನಗಳ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಪೊಲೀಸರು ತಾವೇ ನೇರವಾಗಿ ತನಿಖೆ ಮಾಡಬಹುದಾದ ಅಪರಾಧ ಯಾವ ಸರಹದ್ದಿನಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಿಯೂ ಮಾಹಿತಿ ಕೊಡಬಹುದು. ಆದ್ದರಿಂದ "ನಿಮ್ಮ ಕರ್ನಾಟಕಕ್ಕೆ ಹೋಗಿ ಕೊಡಿ" ಎಂದು ವಾಪಸು ಕಳಿಸುವುದಕ್ಕೆ ಕಾನೂನಿನ ಬಲವಿಲ್ಲ. ಬಾಯಲ್ಲಿ ಹೇಳಿದ್ದನ್ನು ಅಧಿಕಾರಿ ಬರೆದುಕೊಂಡು ಓದಿ ಹೇಳಬೇಕು, ಆಮೇಲೆ ಸಹಿ ಪಡೆಯಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಇಲ್ಲಿನ ಸಿಬ್ಬಂದಿ ಮಾತನಾಡುವುದು ಕೊಂಕಣಿ ಅಥವಾ ಹಿಂದಿಯಲ್ಲಿ, ಬರೆಯುವುದು ಬಹುಪಾಲು ಇಂಗ್ಲಿಷಿನಲ್ಲಿ. ಹೀಗಾಗಿ ಇಂಗ್ಲಿಷ್ ಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ದು, ಮೊತ್ತ, ತಾರೀಕು ಮತ್ತು ವಹಿವಾಟಿನ ಸಂಖ್ಯೆ ಸರಿಯಾಗಿವೆಯೇ ಎಂದು ಸಹಿ ಹಾಕುವ ಮೊದಲು ನೋಡಿಸಿಕೊಳ್ಳುವುದು ಒಳ್ಳೆಯದು. ಆದರೆ ತನಿಖೆಯ ವೇಳೆ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತಿಲ್ಲ ಎಂಬುದು ಇಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ.

ಕಳೆದುಕೊಂಡವರ ಮಾತು ಇಷ್ಟಾದರೆ, ಏನೂ ಅರಿಯದೆ ಸಿಕ್ಕಿಹಾಕಿಕೊಳ್ಳುವವರು ಬೇರೆಯೇ ಇದ್ದಾರೆ. ಮಾರುಕಟ್ಟೆಯಲ್ಲಿ ಸೊಪ್ಪು ಮಾರುವ ಹೆಂಗಸಿನ ಸ್ಕ್ಯಾನರಿಗೆ ಯಾರೋ ವಂಚನೆಯ ಹಣದಿಂದ 300 ರೂಪಾಯಿ ಹಾಕಿ ಹೋದರೆ, ಬೇರೆ ರಾಜ್ಯದ ಪೊಲೀಸರ ಸೂಚನೆಯ ಮೇರೆಗೆ ಅವಳ ಇಡೀ ಖಾತೆ ಸ್ಥಗಿತವಾಗುವುದುಂಟು, ಮರುದಿನದ ಮಾಲಿಗೂ ಕೈಯಲ್ಲಿ ಕಾಸಿಲ್ಲದಂತಾಗುತ್ತದೆ. ಅಂಥವರು ಯಾವ ಠಾಣೆ, ಯಾವ ದೂರು, ಎಷ್ಟು ಮೊತ್ತ ಎಂದು ಬ್ಯಾಂಕನ್ನು ಬರವಣಿಗೆಯಲ್ಲಿ ಕೇಳಬೇಕು. ವಿವಾದದ ಮೊತ್ತವನ್ನಷ್ಟೇ ತಡೆದು ಉಳಿದದ್ದನ್ನು ಬಿಡುವಂತೆ ತನಿಖಾಧಿಕಾರಿಗೂ, ಅಗತ್ಯ ಬಿದ್ದರೆ ಮ್ಯಾಜಿಸ್ಟ್ರೇಟರಿಗೂ ಅರ್ಜಿ ಕೊಡಬಹುದು. ಆದರೆ ಕಮಿಷನ್ ಆಸೆಗೆ ತನ್ನ ಖಾತೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಹುಡುಗ ಆರೋಪಿಯೇ ಆಗಬಹುದು, ಇದನ್ನು ಪ್ರತಿ ಖೋಲಿಯಲ್ಲಿಯೂ ಹೇಳಬೇಕಾಗಿದೆ.

ಬಂಧನವೇ ಆದರೂ ಹಕ್ಕುಗಳು ಕೈಬಿಡುವುದಿಲ್ಲ. 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬುದು ಸಂವಿಧಾನದ 22ನೆಯ ವಿಧಿಯಲ್ಲಿಯೇ ಇದೆ. ಮುಂಬಯಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ, ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕೆಂದು ತೀರ್ಪು ನೀಡಿತು. ಕನ್ನಡವೊಂದನ್ನೇ ಬಲ್ಲ ಕೂಲಿಯವನಿಗೆ ಇಂಗ್ಲಿಷ್ ಕಾಗದ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ ಎಂಬುದೇ ಇದರ ಅರ್ಥ, ಮತ್ತು ಗಡಿಯಾಚೆ ದುಡಿಯುವ ನಮಗೆ ಇದಕ್ಕಿಂತ ಹತ್ತಿರದ ತೀರ್ಪು ಇನ್ನೊಂದಿಲ್ಲವೆಂದು ನನ್ನ ಭಾವನೆ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಾರ್ಖಾನೆಯ ಕಾರ್ಮಿಕರು ಹಾಗೂ ಬಂಧನದಲ್ಲಿರುವವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ, ಅವರು ಯಾವ ರಾಜ್ಯದವರೆಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.